ಮರದ ಗೋಡೆ, ಮೆಕ್ಕೆಜೋಳದ ಹೊಲ: ಅಮೆರಿಕದ ಗಡಿ ಕೋಟೆಗಳು ಮಾಡಿದ ಕೆಲಸ

ಪ್ರಶ್ನೆ: ಮಗಳ ಮನೆಗೆಂದು ಸಿನ್ಸಿನಾಟಿಗೆ ಹೋಗಿದ್ದಾಗ ಪಕ್ಕದ ಕೆಂಟಕಿ ರಾಜ್ಯದ ಬೂನ್ಸ್‌ಬರೋ ಕೋಟೆಯನ್ನು ನೋಡಿ ಬಂದೆವು. ಚಿತ್ರದುರ್ಗ ನೋಡಿದ ಕಣ್ಣಿಗೆ ಅದು ಕೋಟೆ ಅನ್ನಿಸಲೇ ಇಲ್ಲ, ದನದ ದೊಡ್ಡಿಗೆ ಹಾಕಿದ ಬೇಲಿಯಂತಿತ್ತು. ಇಂಥ ಮರದ ಗೋಡೆಗಳು ನಿಜಕ್ಕೂ ಶತ್ರುವನ್ನು ತಡೆಯುತ್ತಿದ್ದವೇ? ಆ ನಾಡಿನಲ್ಲಿ ಬಿಳಿಯರು ನೆಲೆಯೂರಲು ಈ ಕೋಟೆಗಳು ಎಷ್ಟರ ಮಟ್ಟಿಗೆ ಕಾರಣ?

ಉತ್ತರ: ನಿಮ್ಮ ಕಣ್ಣು ಸರಿಯಾದದ್ದನ್ನೇ ಕಂಡಿದೆ. ಅದು ದೊಡ್ಡಿಯೂ ಹೌದು. ಅಪಾಯದ ಸುದ್ದಿ ಬಂದರೆ ಹಸು, ಕುದುರೆಗಳನ್ನೂ ಆ ಗೋಡೆಯ ಒಳಕ್ಕೇ ಹೊಡೆದು ತರುತ್ತಿದ್ದರು. ಚಿತ್ರದುರ್ಗದ ಹಿಂದೆ ಪಾಳೆಯಗಾರರ ಬೊಕ್ಕಸವಿತ್ತು, ಸೈನ್ಯವಿತ್ತು, ತಲೆಮಾರುಗಳ ಕಲ್ಲುಕುಟಿಗರ ದುಡಿಮೆಯಿತ್ತು. ಬೂನ್ಸ್‌ಬರೋ ಹಿಂದೆ ಇದ್ದದ್ದು 1775ರಿಂದ ಕೊಡಲಿ ಹಿಡಿದು ಪೂರ್ವದ ಅಪಲೇಚಿಯನ್ ಬೆಟ್ಟ ದಾಟಿ ಬಂದ ಕೆಲವೇ ಸಂಸಾರಗಳು. ಅವರಿಗೆ ರಾಜನೂ ಇರಲಿಲ್ಲ, ಸಂಬಳದ ಸಿಪಾಯಿಗಳೂ ಇರಲಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂಲನಿವಾಸಿ ಯೋಧರ ಬಂದೂಕಿನ ಎದುರು ಈ ಗೋಡೆಗಳು ನಿಂತವು, ಫಿರಂಗಿಯ ಎದುರು ನಿಲ್ಲಲಿಲ್ಲ. ಆದರೆ ಯುದ್ಧ ಗೆಲ್ಲುವುದು ಅವುಗಳ ಮುಖ್ಯ ಕೆಲಸವೇ ಆಗಿರಲಿಲ್ಲ. ಬಿತ್ತಿದ ಮೆಕ್ಕೆಜೋಳ ಕೊಯ್ಲಿಗೆ ಬರುವ ತನಕ ಜನ ಆ ಜಾಗ ಬಿಟ್ಟು ಓಡದಂತೆ ಹಿಡಿದಿಡುವುದು ಅವುಗಳ ನಿಜವಾದ ಕೆಲಸ. ಆ ಬೆಳೆಯೇ ಮುಂದೆ ಜಮೀನಿನ ಹಕ್ಕಾಯಿತು. ಕೋಟೆಯ ಕಥೆ ಕೇಳುವಾಗ ಎಲ್ಲರೂ ಗೋಡೆಯನ್ನು ನೋಡುತ್ತಾರೆ. ಗೋಡೆಯ ಹೊರಗಿನ ಹೊಲವನ್ನು ನೋಡಿದರೆ ಮಾತ್ರ ಕಥೆ ಅರ್ಥವಾಗುತ್ತದೆ.

ಮೊದಲು ಗೋಡೆಯನ್ನೇ ನೋಡೋಣ. ಅಮೆರಿಕದ ಗಡಿನಾಡಿನಲ್ಲಿ ಕೋಟೆ ಎಂಬ ಒಂದೇ ಮಾತನ್ನು ಬೇರೆ ಬೇರೆ ವಸ್ತುಗಳಿಗೆ ಬಳಸುತ್ತಿದ್ದರು. ಪಿಟ್ಸ್‌ಬರ್ಗ್‌ನಲ್ಲಿ 1759ರಿಂದ ಬ್ರಿಟಿಷ್ ಸೈನ್ಯ ಕಟ್ಟಿದ ಫೋರ್ಟ್ ಪಿಟ್, ಮಣ್ಣು ಮತ್ತು ಇಟ್ಟಿಗೆಯ ಐದು ಮೂಲೆಯ ದೊಡ್ಡ ಕೋಟೆ. ಫ್ರೆಂಚರು 1701ರಲ್ಲಿ ಡೆಟ್ರಾಯಿಟ್‌ನಲ್ಲಿ ಕಟ್ಟಿದ್ದರಲ್ಲಿ ಕಾವಲಿನಷ್ಟೇ ತುಪ್ಪಳದ ವ್ಯಾಪಾರವೂ ಮುಖ್ಯವಾಗಿತ್ತು. ಅಲ್ಲಿಗೆ ಮೂಲನಿವಾಸಿಗಳು ತಾವಾಗಿಯೇ ಬಂದು ಚರ್ಮ ಕೊಟ್ಟು ಬಟ್ಟೆ, ಕೊಡಲಿ, ಮದ್ದು ಒಯ್ಯುತ್ತಿದ್ದರು. ನೀವು ನೋಡಿದ್ದು ಇವೆರಡೂ ಅಲ್ಲ. ಅದು ರೈತಾಪಿ ಜನ ತಮಗಾಗಿ ತಾವೇ ಕಟ್ಟಿಕೊಂಡದ್ದು. ಕೆಂಟಕಿಯಲ್ಲಿ ಇಂಥವನ್ನು ‘ಸ್ಟೇಷನ್’ ಎಂದೇ ಕರೆಯುತ್ತಿದ್ದರು.

ಕಟ್ಟುವ ಕ್ರಮದಲ್ಲಿ ಒಳ್ಳೆಯ ಜಾಣತನವಿದೆ. ಆಯತಾಕಾರದ ಬಯಲಿನ ಸುತ್ತ ಮರದ ದಿಮ್ಮಿಗಳ ಗುಡಿಸಲುಗಳನ್ನು ಸಾಲಾಗಿ ಕಟ್ಟುತ್ತಿದ್ದರು. ಗುಡಿಸಲಿನ ಹಿಂಗೋಡೆಯೇ ಕೋಟೆಯ ಗೋಡೆ. ಎರಡು ಗುಡಿಸಲುಗಳ ನಡುವಿನ ಸಂದನ್ನು, ತುದಿ ಚೂಪು ಮಾಡಿದ ದಿಮ್ಮಿಗಳನ್ನು ಕಾಲುವೆ ತೋಡಿ ನೆಟ್ಟಗೆ ಹೂತು ಮುಚ್ಚುತ್ತಿದ್ದರು. ಚಾವಣಿ ಒಳಮುಖಕ್ಕೆ ಇಳಿಜಾರು. ಹೊರಗಿನಿಂದ ಯಾರಾದರೂ ಉರಿಯುವ ಕೊಳ್ಳಿ ಎಸೆದರೆ, ಒಳಗಿನವರು ಗುಂಡಿಗೆ ಮೈಯೊಡ್ಡದೆ ಅದನ್ನು ಕೆಳಕ್ಕೆ ತಳ್ಳಬಹುದಿತ್ತು. ನಾಲ್ಕು ಮೂಲೆಯಲ್ಲಿ ಎರಡಂತಸ್ತಿನ ಕಾವಲು ಮನೆಗಳು. ಮೇಲಂತಸ್ತು ಕೆಳಗಿನದಕ್ಕಿಂತ ಒಂದೂವರೆ ಅಡಿಯಷ್ಟು ಹೊರಚಾಚಿರುತ್ತಿತ್ತು. ಗೋಡೆಯ ಬುಡಕ್ಕೆ ನುಸುಳಿ ಬಂದವನಿಗೂ ಮೇಲಿನಿಂದ ಗುರಿಯಿಡಬೇಕಲ್ಲ, ಅದಕ್ಕೆ. ಎಷ್ಟೋ ಕಡೆ ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲದೆ, ಮರದ ಗೂಟಗಳಿಂದಲೇ ಎಲ್ಲವನ್ನೂ ಬಿಗಿದಿದ್ದರು, ಏಕೆಂದರೆ ಬೆಟ್ಟದ ಈಚೆ ಮೊಳೆ ಸಿಗುತ್ತಿರಲಿಲ್ಲ. ಬೂನ್ಸ್‌ಬರೋ ಸುಮಾರು 260 ಅಡಿ ಉದ್ದ, 180 ಅಡಿ ಅಗಲವಿತ್ತು. ಮರದ ಗೋಡೆಯ ಈ ವಿದ್ಯೆ ಯುರೋಪಿನವರ ಸ್ವತ್ತೇನೂ ಅಲ್ಲ. ಅವರು ಬರುವ ಮೊದಲೇ ಇರೊಕ್ವಾ ಎಂಬ ಮೂಲನಿವಾಸಿ ಜನರ ಊರುಗಳ ಸುತ್ತ ನೆಟ್ಟ ದಿಮ್ಮಿಗಳ ಎತ್ತರದ ಗೋಡೆಗಳಿದ್ದವು.

ವರ್ಷವಿಡೀ ಎಲ್ಲರೂ ಕೋಟೆಯೊಳಗೇ ಇರುತ್ತಿದ್ದರು ಎಂದುಕೊಳ್ಳಬೇಡಿ. ಸಂಸಾರಗಳು ತಮ್ಮ ತಮ್ಮ ಹೊಲಗಳಲ್ಲಿ ಚದುರಿ ಬದುಕುತ್ತಿದ್ದವು. ಪೆನ್ಸಿಲ್ವೇನಿಯಾ-ವರ್ಜೀನಿಯಾ ಗಡಿಯಲ್ಲಿ ಹುಡುಗನಾಗಿ ಬೆಳೆದು ಮುಂದೆ ಪಾದ್ರಿಯಾದ ಒಬ್ಬರು ತಮ್ಮ ಬಾಲ್ಯದ ನೆನಪೊಂದನ್ನು ಬರೆದಿಟ್ಟಿದ್ದಾರೆ. ನಡುರಾತ್ರಿ ಸುದ್ದಿಗಾರ ಬಂದು ಬಾಗಿಲನ್ನೋ ಹಿಂದಿನ ಕಿಟಕಿಯನ್ನೋ ಮೆಲ್ಲನೆ ತಟ್ಟುತ್ತಾನೆ. ಕೂಗುವುದಿಲ್ಲ. ಅಪ್ಪ ಎದ್ದು ಬಂದೂಕು ತೆಗೆದುಕೊಳ್ಳುತ್ತಾರೆ, ತಾಯಿ ಮಕ್ಕಳಿಗೆ ಬಟ್ಟೆ ತೊಡಿಸುತ್ತಾಳೆ. ದೀಪ ಹಚ್ಚುವಂತಿಲ್ಲ, ಒಲೆಯ ಕೆಂಡವನ್ನು ಕೆದಕುವಂತೆಯೂ ಇಲ್ಲ. ಕತ್ತಲಲ್ಲಿ ಕೈಗೆ ಸಿಕ್ಕ ಬಟ್ಟೆಬರೆ, ಕಾಳುಕಡಿ ಹೊತ್ತು ಹೊರಡಬೇಕು. ತೊಟ್ಟಿಲ ಕೂಸು ಎಚ್ಚರಗೊಳ್ಳದಂತೆ ನೋಡಿಕೊಳ್ಳುವುದೇ ದೊಡ್ಡ ಪಾಡು. ಸ್ವಲ್ಪ ದೊಡ್ಡ ಮಕ್ಕಳಿಗೆ ‘ಇಂಡಿಯನ್’ (ಮೂಲನಿವಾಸಿಗಳನ್ನು ಬಿಳಿಯರು ಕರೆಯುತ್ತಿದ್ದ ಹೆಸರು) ಎಂಬ ಒಂದು ಮಾತು ಹೇಳಿದರೆ ಸಾಕು, ಆಮೇಲೆ ಉಸಿರೆತ್ತುತ್ತಿರಲಿಲ್ಲ. ಬೆಳಕು ಹರಿಯುವುದರೊಳಗೆ ಹಳ್ಳಿಯ ಅಷ್ಟೂ ಸಂಸಾರಗಳು ಕೋಟೆಯಲ್ಲಿ. ಗೋಡೆಗಿಂತ ಮುಖ್ಯವಾದ ರಕ್ಷಣೆ ಈ ಓಟದಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ. ಓಡಿ ಸೇರಲು ಒಂದು ಜಾಗವಿದೆ ಎಂಬ ಧೈರ್ಯವಿದ್ದರೆ ಮಾತ್ರ ಒಬ್ಬಂಟಿ ಹೊಲದಲ್ಲಿ ಸಂಸಾರ ಹೂಡಲು ಜನ ಒಪ್ಪುತ್ತಾರೆ.

ಒಳಗಿನ ಬದುಕು ಚೆಂದವಿರಲಿಲ್ಲ. ಜನ, ದನ, ಸಗಣಿ, ಕೆಸರು ಎಲ್ಲ ಒಂದೇ ಅಂಗಳದಲ್ಲಿ. ನೀರಿನದು ದೊಡ್ಡ ಸಂಕಟ. ಲೆಕ್ಸಿಂಗ್‌ಟನ್ ಹತ್ತಿರದ ಬ್ರಯನ್ಸ್ ಸ್ಟೇಷನ್‌ನಲ್ಲಿ ನೀರಿನ ಒರತೆ ಗೋಡೆಯ ಹೊರಗೇ ಉಳಿದಿತ್ತು. 1782ರ ಆಗಸ್ಟ್‌ನಲ್ಲಿ ಮುತ್ತಿಗೆಯ ದಿನ ಮುಂಜಾನೆ, ಸುತ್ತ ಪೊದೆಗಳಲ್ಲಿ ಶತ್ರುಗಳು ಅಡಗಿರುವುದು ಗೊತ್ತಿದ್ದೂ ಹೆಂಗಸರು ದಿನದಂತೆ ಮಾತಾಡುತ್ತ ಹೋಗಿ ನೀರು ತಂದರು ಎಂದು ಕೆಂಟಕಿಯ ಜನ ಇಂದಿಗೂ ಹೇಳುತ್ತಾರೆ. ಕೊಳವಾದ ಆ ಒರತೆಯ ಸುತ್ತ ಆ ಹೆಂಗಸರ ನೆನಪಿಗೆ ಕಲ್ಲಿನ ಗೋಡೆ ಕಟ್ಟಿದ್ದಾರೆ. ಗಂಡಸರು ಹೋದರೆ ಅನುಮಾನ ಬಂದು ದಾಳಿ ಶುರುವಾಗುತ್ತದೆ, ಹೆಂಗಸರು ಹೋದರೆ ಹೊಂಚಿನ ಗುಟ್ಟು ಬಯಲಾದೀತೆಂದು ಶತ್ರುಗಳು ಗುಂಡು ಹಾರಿಸಲಾರರು, ಇದು ಒಳಗಿನವರ ಲೆಕ್ಕ.

ನೀರಿನ ನಂತರ ಉಪ್ಪು. ಬೇಟೆಯ ಮಾಂಸ ಕೆಡದಂತೆ ಇಡಲು ಉಪ್ಪು ಬೇಕೇ ಬೇಕು. ಅದಕ್ಕಾಗಿಯೇ 1778ರ ಜನವರಿಯಲ್ಲಿ ಬೂನ್ಸ್‌ಬರೋವನ್ನು ಕಟ್ಟಿದ ಡ್ಯಾನಿಯಲ್ ಬೂನ್ ಸುಮಾರು ಮೂವತ್ತು ಜನರೊಂದಿಗೆ ಬ್ಲೂ ಲಿಕ್ಸ್ ಎಂಬ ಉಪ್ಪುನೀರಿನ ಬುಗ್ಗೆಗಳಿಗೆ ಹೋದದ್ದು, ಫೆಬ್ರುವರಿಯಲ್ಲಿ ಶಾನಿ ಎಂಬ ಮೂಲನಿವಾಸಿ ಜನರ ಕೈಗೆ ಸಿಕ್ಕಿಬಿದ್ದದ್ದು. ಮೂರನೆಯದು ಮದ್ದು. ಮಂಕ್ ಎಸ್ಟಿಲ್ ಎಂಬ ಕಪ್ಪು ಗುಲಾಮ ಬೂನ್ಸ್‌ಬರೋದಲ್ಲಿ ಸುಣ್ಣಕಲ್ಲಿನ ಗುಹೆಗಳ ಪೆಟ್ಲುಪ್ಪಿನಿಂದ ಬಂದೂಕಿನ ಮದ್ದು ತಯಾರಿಸಿ ಕೊಡುತ್ತಿದ್ದ. 1782ರಲ್ಲಿ ವಯಂಡಾಟ್ ಎಂಬ ಇನ್ನೊಂದು ಮೂಲನಿವಾಸಿ ಪಂಗಡದ ಯೋಧರು ಅವನನ್ನು ಹಿಡಿದಾಗ, ಕಾವಲೇ ಇಲ್ಲದಿದ್ದ ಎಸ್ಟಿಲ್ಸ್ ಸ್ಟೇಷನ್‌ನಲ್ಲಿ ಬಹಳ ಜನ ಬಂದೂಕು ಹಿಡಿದು ಕೂತಿದ್ದಾರೆ ಎಂದು ನಂಬಿಸಿ ಅವರನ್ನು ಹಿಂದಿರುಗಿಸಿದ. ಆಮೇಲೆ ಗಾಯಗೊಂಡವನೊಬ್ಬನನ್ನು ಇಪ್ಪತ್ತಕ್ಕೂ ಹೆಚ್ಚು ಮೈಲಿ ಹೊತ್ತು ತಂದ. ಅವನಿಗೆ ಬಿಡುಗಡೆ ಸಿಕ್ಕಿತು. ಕೆಂಟಕಿಯಲ್ಲಿ ಬಿಡುಗಡೆ ಪಡೆದ ಮೊದಲ ಗುಲಾಮ ಅವನೇ ಎನ್ನುತ್ತಾರೆ. ಈ ಕೋಟೆಗಳನ್ನು ಬಿಳಿಯರಷ್ಟೇ ಉಳಿಸಿಕೊಂಡರು ಎಂದು ಓದಿದಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ.

ನೀವು ನಿಂತು ಬಂದ ಬೂನ್ಸ್‌ಬರೋದ ಮುತ್ತಿಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಸೆರೆಯಾದ ಬೂನ್‌ನನ್ನು ಶಾನಿ ನಾಯಕ ಬ್ಲ್ಯಾಕ್‌ಫಿಶ್ ಮಗನೆಂದು ದತ್ತು ತೆಗೆದುಕೊಂಡಿದ್ದ. ಬೂನ್ಸ್‌ಬರೋ ಮೇಲೆ ದಂಡು ಹೊರಡುವ ಸಿದ್ಧತೆ ಕಂಡ ಕೂಡಲೇ ಬೂನ್ 1778ರ ಜೂನ್‌ನಲ್ಲಿ ತಪ್ಪಿಸಿಕೊಂಡು, ಸುಮಾರು 160 ಮೈಲಿಯನ್ನು ನಾಲ್ಕೈದು ದಿನಗಳಲ್ಲಿ ಕ್ರಮಿಸಿ ಊರು ಸೇರಿದ. ಬಂದು ನೋಡಿದರೆ ಕೋಟೆ ಹಾಳು ಸುರಿಯುತ್ತಿತ್ತು. ಊರು ಹುಟ್ಟಿ ಮೂರು ವರ್ಷವಾಗಿದ್ದರೂ ಗೋಡೆಯ ಕೆಲಸ ಪೂರ್ತಿಯಾಗಿರಲಿಲ್ಲ. ಜನಕ್ಕೆ ದಿಮ್ಮಿ ಹೂಳುವುದಕ್ಕಿಂತ ಒಳ್ಳೆಯ ಜಮೀನು ಹುಡುಕಿ ಗುರುತು ಹಾಕುವುದರಲ್ಲೇ ಆಸಕ್ತಿ. ಅವನು ಬಂದ ಮೇಲೆ ಅವಸರ ಅವಸರವಾಗಿ ಗೋಡೆ, ಬಾಗಿಲು, ಕಾವಲು ಮನೆಗಳನ್ನು ಸರಿಪಡಿಸಿದರು.

ಸೆಪ್ಟೆಂಬರ್ 7ರಂದು ಬ್ಲ್ಯಾಕ್‌ಫಿಶ್ ನಾನೂರಕ್ಕೂ ಹೆಚ್ಚು ಯೋಧರೊಂದಿಗೆ ಬಂದ. ಅದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, ಬ್ರಿಟಿಷರ ಪಕ್ಷದ ಕೆಲವು ಫ್ರೆಂಚ್ ಕೆನಡಿಯನ್ನರೂ ಜೊತೆಗಿದ್ದರು. ಒಳಗೆ ಬಂದೂಕು ಹಿಡಿಯಬಲ್ಲ ಗಂಡಸರು ಐವತ್ತರ ಆಸುಪಾಸು. ಮೊದಲು ಸಂಧಾನದ ಮಾತು ನಡೆಯಿತು, ಕೊನೆಗೆ ಕೈಕುಲುಕುವ ಹೊತ್ತಿಗೆ ಎಳೆದಾಟವಾಗಿ ಗುಂಡು ಹಾರಿತು. ಅಲ್ಲಿಂದ ಮುಂದೆ ಹಗಲೂ ರಾತ್ರಿ ಗುಂಡು. ರಾತ್ರಿ ಗೋಡೆಗೆ ಕೊಳ್ಳಿ ಎಸೆತ. ಹೊರಗಿನವರು ನದಿಯ ದಡದಿಂದ ಕೋಟೆಯ ಕಡೆಗೆ ಸುರಂಗ ತೋಡಲು ಶುರು ಮಾಡಿದರು. ನದಿಯ ನೀರು ಒಂದು ಕಡೆಯಿಂದ ಕೆಳಕ್ಕೆ ರಾಡಿಯಾಗಿ ಹರಿಯುವುದನ್ನು ಕಂಡು ಒಳಗಿನವರಿಗೆ ಗುಟ್ಟು ತಿಳಿಯಿತು. ಅವರೂ ಎದುರಾಗಿ ಅಡ್ಡಗಾಲುವೆ ತೋಡಿದರು. ಅಷ್ಟರಲ್ಲಿ ಜೋರು ಮಳೆ ಹಿಡಿದು ಸುರಂಗ ಕುಸಿಯಿತು, ಕೊಳ್ಳಿಗಳೂ ಆರಿದವು. ಹನ್ನೊಂದು ದಿನಗಳ ನಂತರ ದಂಡು ಹಿಂದಿರುಗಿತು. ನೆಲದಿಂದ ಆಯ್ದ ಸೀಸದ ಗುಂಡುಗಳೇ 125 ಪೌಂಡ್ ತೂಗಿದವು, ದಿಮ್ಮಿಗಳಲ್ಲಿ ಹೂತುಹೋದವು ಬೇರೆ. ಕೋಟೆಯೊಳಗೆ ಸತ್ತವರು ಇಬ್ಬರೇ. ಅವರಲ್ಲಿ ಒಬ್ಬ ಲಂಡನ್ ಎಂಬ ಹೆಸರಿನ ಕಪ್ಪು ಗುಲಾಮ.

ಅಂದರೆ ದಪ್ಪ ಮರ ಸೀಸದ ಗುಂಡನ್ನು ನುಂಗುತ್ತದೆ. ಮೇಲಾಗಿ ಶಾನಿ ಯೋಧರದು ಸಂಬಳದ ಸೈನ್ಯವಲ್ಲ. ಬೇಟೆಯ ಕಾಲ, ಕೊಯ್ಲಿನ ಕಾಲ ಅವರ ಮನೆಗಳಲ್ಲೂ ಇತ್ತು. ತಿಂಗಳುಗಟ್ಟಲೆ ಒಂದು ಗೋಡೆಯ ಮುಂದೆ ಕೂರಲು ಅವರಿಗೆ ಆಗುತ್ತಿರಲಿಲ್ಲ, ನೂರಾರು ಮೈಲಿ ದೂರ ಬಂದು ಪ್ರಾಣ ಕಳೆದುಕೊಳ್ಳುವುದೂ ಅವರ ಯುದ್ಧದ ರೀತಿಯಲ್ಲ. ಮರದ ಬೇಲಿ ಗೆದ್ದದ್ದು ಈ ಕಾರಣಕ್ಕೆ. ಎರಡೇ ವರ್ಷಕ್ಕೆ, 1780ರ ಜೂನ್‌ನಲ್ಲಿ, ಬ್ರಿಟಿಷ್ ಕ್ಯಾಪ್ಟನ್ ಹೆನ್ರಿ ಬರ್ಡ್ ಡೆಟ್ರಾಯಿಟ್‌ನಿಂದ ಎರಡು ಫಿರಂಗಿಗಳನ್ನು ನದಿಯ ದಾರಿಯಲ್ಲಿ ಎಳೆದು ತಂದ. ರಡಲ್ಸ್ ಸ್ಟೇಷನ್, ಮಾರ್ಟಿನ್ಸ್ ಸ್ಟೇಷನ್ ಎರಡೂ ಶರಣಾದವು, ನೂರಾರು ಜನ ಸೆರೆಯಾಗಿ ಡೆಟ್ರಾಯಿಟ್ ಕಡೆಗೆ ನಡೆದರು. ಕಾವಲಿನ ಶಿಸ್ತು ತಪ್ಪಿದರೆ ಫಿರಂಗಿಯೂ ಬೇಕಿರಲಿಲ್ಲ. ದಕ್ಷಿಣದ ಅಲಬಾಮಾದಲ್ಲಿ 1813ರ ಆಗಸ್ಟ್ 30ರಂದು ಫೋರ್ಟ್ ಮಿಮ್ಸ್‌ನ ಬಾಗಿಲು ತೆರೆದೇ ಇತ್ತು. ಕ್ರೀಕ್ ಎಂಬ ಮೂಲನಿವಾಸಿ ಪಂಗಡದ ಯೋಧರು ನೇರವಾಗಿ ನುಗ್ಗಿದರು, ಒಳಗಿದ್ದ ನೂರಾರು ಜನ ಸತ್ತರು. ಇನ್ನು ಕೋಟೆ ಬಿಟ್ಟು ಬೆನ್ನಟ್ಟಿ ಹೋದವರ ಪಾಡು ಬೇರೆ. ಬ್ರಯನ್ಸ್ ಸ್ಟೇಷನ್ನಿನ ಮುತ್ತಿಗೆ ತೆರವಾದ ಮೇಲೆ ಶತ್ರುವಿನ ಜಾಡು ಹಿಡಿದು ಹೋದ ಕೆಂಟಕಿ ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್‌ನಲ್ಲಿ ಬಲಿಯಾದರು. ಬೂನ್‌ನ ಮಗ ಇಸ್ರೇಲ್ ಅಲ್ಲಿಯೇ ಸತ್ತ.

ಈಗ ಹೊಲದ ಮಾತಿಗೆ ಬರುತ್ತೇನೆ. 1763ರಲ್ಲಿ ಬ್ರಿಟನ್ನಿನ ದೊರೆ ಅಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಯಾರೂ ನೆಲೆಸಕೂಡದು ಎಂದು ಆಜ್ಞೆ ಹೊರಡಿಸಿದ್ದ. 1775ರಲ್ಲಿ ರಿಚರ್ಡ್ ಹೆಂಡರ್‌ಸನ್ ಎಂಬ ವಕೀಲನ ಕಂಪನಿ ಚೆರೋಕಿ ಮುಖಂಡರಿಂದ ಕೆಂಟಕಿಯ ಬಹುಭಾಗವನ್ನು ಕೊಂಡೆವೆಂದು ಹೇಳಿಕೊಂಡು ಬೂನ್‌ನನ್ನು ದಾರಿ ಕಡಿಯಲು ಕಳಿಸಿತು. ಆ ಖರೀದಿಯನ್ನು, ಕೆಂಟಕಿ ತನ್ನದೆನ್ನುತ್ತಿದ್ದ ವರ್ಜೀನಿಯಾ ಸರ್ಕಾರ ಆಮೇಲೆ ರದ್ದು ಮಾಡಿತು. ಅಂದರೆ ಗೋಡೆಯೊಳಗೆ ಜೀವ ಹಿಡಿದು ಕೂತಿದ್ದವರ ಕೈಯಲ್ಲಿ ಊರ್ಜಿತವಾದ ಒಂದು ಕಾಗದವೂ ಇರಲಿಲ್ಲ. ಬಗರ್‌ಹುಕುಂ ಸಾಗುವಳಿ ಎಂಬ ಮಾತು ಬಲ್ಲ ನಮ್ಮ ಓದುಗರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಸಕ್ರಮದ ಕಾನೂನೂ ಬಂತು. 1779ರಲ್ಲಿ ವರ್ಜೀನಿಯಾ ಮಾಡಿದ ಕಾಯಿದೆಯ ಪ್ರಕಾರ, 1778ರ ಜನವರಿ 1ಕ್ಕೆ ಮೊದಲು ಬಂದು ಒಂದು ವರ್ಷ ನೆಲೆಸಿದ ಅಥವಾ ಒಂದು ಬೆಳೆ ಮೆಕ್ಕೆಜೋಳ ತೆಗೆದ ಸಂಸಾರಕ್ಕೆ 400 ಎಕರೆ. ಪಕ್ಕದ ಇನ್ನೂ 1000 ಎಕರೆಯನ್ನು ಕೊಳ್ಳುವ ಮೊದಲ ಹಕ್ಕು.

ಆ ಕಾಯಿದೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇನ್ನೊಂದು ಅಂಶ. ಪ್ರಾಣಭಯದಿಂದ ಒಂದೆಡೆ ಗುಂಪಾಗಿ ನೆಲೆಸಿ, ಊರ ಸುತ್ತಲಿನ ನೆಲವನ್ನು ಒಟ್ಟಾಗಿ ಉತ್ತವರಿಗೂ ಈ ಹಕ್ಕು ಸಿಗಬೇಕು, ಅಂಥ ಊರುಗಳಿಗೆ 640 ಎಕರೆ ಮೀಸಲಿಡಬೇಕು ಎಂದು ಅದು ಹೇಳಿತು. ಕೋಟೆಯಲ್ಲಿ ಅಡಗಿ ಕಳೆದ ದಿನಗಳೂ ಕಾನೂನಿನ ಲೆಕ್ಕಕ್ಕೆ ಬಂದವು. ಹಕ್ಕುಪತ್ರ ವಿಚಾರಿಸುವ ಆಯುಕ್ತರು 1779ರ ಶರತ್ಕಾಲದಲ್ಲಿ ಬೆಟ್ಟ ದಾಟಿ ಬಂದು ಇದೇ ಸ್ಟೇಷನ್‌ಗಳಲ್ಲಿ ಒಂದಾದ ಮೇಲೊಂದರಂತೆ ಕಲಾಪ ನಡೆಸಿದರು. ಒಂದು ವರ್ಷದ ಹಿಂದೆ ಸೀಸದ ಗುಂಡು ಆರಿಸಿದ ಅಂಗಳದಲ್ಲೇ ಜನ ಸರದಿ ನಿಂತು ‘ಇಂಥ ಹಳ್ಳದ ಪಕ್ಕ ನಾನು ಇಂಥ ವರ್ಷ ಜೋಳ ಬೆಳೆದೆ’ ಎಂದು ಸಾಕ್ಷಿ ಹೇಳಿದರು.

ಆದರೆ ಸಕ್ರಮವಾದ ಆ ನೆಲ ವರ್ಜೀನಿಯಾದ್ದಾಗಿರಲಿಲ್ಲ. 1768ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಫೋರ್ಟ್ ಸ್ಟಾನ್‌ವಿಕ್ಸ್ ಕೋಟೆಯಲ್ಲಿ ನಡೆದ ಒಪ್ಪಂದದಲ್ಲಿ ಇರೊಕ್ವಾ ನಾಯಕರು ಒಹಾಯೊ ನದಿಯ ದಕ್ಷಿಣದ ನೆಲವನ್ನು ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾನಿ ಜನ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಅವರ ಹಿರಿಯ ನಾಯಕನೊಬ್ಬನ ಹೆಸರನ್ನು ಇಂಗ್ಲಿಷರು ಕಾರ್ನ್‌ಸ್ಟಾಕ್ ಎಂದು ಬರೆದರು; ಮೆಕ್ಕೆಜೋಳದ ದಂಟು ಎಂದರ್ಥ. 1777ರಲ್ಲಿ ಅವನು ತನ್ನ ಜನ ಯುದ್ಧದತ್ತ ವಾಲುತ್ತಿದ್ದಾರೆ, ತನ್ನಿಂದ ತಡೆಯಲು ಆಗುತ್ತಿಲ್ಲ ಎಂದು ಎಚ್ಚರಿಸಲು ಪಾಯಿಂಟ್ ಪ್ಲೆಸೆಂಟ್‌ನ ಫೋರ್ಟ್ ರ್ಯಾಂಡಾಲ್ಫ್‌ಗೆ ತಾನಾಗಿಯೇ ಬಂದ. ಅವನನ್ನು ಒತ್ತೆಯಾಗಿ ಹಿಡಿದಿಟ್ಟರು. ನವೆಂಬರ್ 10ರಂದು, ಹೊರಗೆ ಒಬ್ಬ ಬಿಳಿಯನ ಕೊಲೆಯಾದ ಸಿಟ್ಟಿಗೆ, ಕೋಟೆಯ ಜನ ಅವನನ್ನೂ ಅವನನ್ನು ನೋಡಲು ಬಂದಿದ್ದ ಮಗನನ್ನೂ ಗುಂಡಿಟ್ಟು ಕೊಂದರು. ಮೂರು ತಿಂಗಳ ನಂತರ ಬ್ಲ್ಯಾಕ್‌ಫಿಶ್ ಬ್ಲೂ ಲಿಕ್ಸ್‌ಗೆ ಬಂದದ್ದು ಈ ಕೊಲೆಯ ಸೇಡಿಗೆ. ಬೂನ್ಸ್‌ಬರೋ ಮುತ್ತಿಗೆಯನ್ನು ಬೂನ್‌ನ ಸಾಹಸವಾಗಿ ಮಾತ್ರ ಹೇಳಿ, ಈ ಸಾವನ್ನು ಬಿಟ್ಟುಬಿಡುವ ಬರಹಗಳನ್ನು ಓದಿದರೆ ನನಗೆ ನೋವಾಗುತ್ತದೆ.

ಸೈನ್ಯದ ಕೋಟೆಗಳ ಕಥೆ ಒಹಾಯೊ ನದಿಯ ಉತ್ತರದ್ದು. 1785ರಲ್ಲಿ ಕಟ್ಟಿದ ಫೋರ್ಟ್ ಹಾರ್ಮರ್‌ನ ಒಂದು ಉದ್ದೇಶವೇ ಮೂಲನಿವಾಸಿಗಳ ನೆಲಕ್ಕೆ ಅಕ್ರಮವಾಗಿ ನುಗ್ಗುತ್ತಿದ್ದ ಬಿಳಿಯರನ್ನು ತಡೆಯುವುದು. ಆ ವರ್ಷ ಸಿಪಾಯಿಗಳು ಅಂಥವರ ಗುಡಿಸಲುಗಳಿಗೆ ಬೆಂಕಿ ಇಟ್ಟು ಓಡಿಸಿದರು ಕೂಡ. ಓಡಿದವರು ಮರಳಿ ಬಂದರು. 1788ರಲ್ಲಿ ಅದೇ ಕೋಟೆಯ ಎದುರು ದಂಡೆಯಲ್ಲಿ ಮರಿಯೆಟ್ಟಾ ಎಂಬ ಊರು ಕಾನೂನುಬದ್ಧವಾಗಿಯೇ ಎದ್ದು ನಿಂತಿತು. ತಡೆಯಲು ಕಟ್ಟಿದ ಕೋಟೆ ಬಂದವರಿಗೆ ಆಸರೆಯಾಯಿತು. ನಿಮ್ಮ ಮಗಳು ಇರುವ ಸಿನ್ಸಿನಾಟಿ 1789ರ ಫೋರ್ಟ್ ವಾಷಿಂಗ್‌ಟನ್ ಸುತ್ತ ಬೆಳೆದ ಊರು. ಸಿಪಾಯಿಗಳಿಗೆ ಹಿಟ್ಟು, ಮಾಂಸ, ವಿಸ್ಕಿ ದಿನವೂ ಬೇಕಿತ್ತು. ಬೆಟ್ಟ ದಾಟಿ ಸಾಗಿಸಿದರೆ ದುಬಾರಿ, ಹತ್ತಿರದಲ್ಲೇ ಬೆಳೆದರೆ ಅಗ್ಗ. ರೈತನ ಬೆಳೆಗೆ ಸರ್ಕಾರದ ದುಡ್ಡು ಸಿಗುವ ಮಾರುಕಟ್ಟೆ ಇದು, ಊರು ಬೆಳೆಯಲು ಅಷ್ಟು ಸಾಕಾಯಿತು.

ಅಲ್ಲಿಂದ ಉತ್ತರಕ್ಕೆ ಹೊರಟ ಅಮೆರಿಕದ ಸೇನಾಪತಿ ಸೇಂಟ್ ಕ್ಲೇರ್‌ನ ಸೈನ್ಯವನ್ನು 1791ರ ನವೆಂಬರ್ 4ರಂದು ಮಯಾಮಿ, ಶಾನಿ, ಡೆಲವೇರ್ ಯೋಧರ ಒಕ್ಕೂಟ ನುಚ್ಚುನೂರು ಮಾಡಿತು. ಆರುನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಆಮೇಲೆ ಬಂದ ಆಂಟನಿ ವೇಯ್ನ್ ಅವಸರಪಡದೆ ಒಂದೊಂದೇ ಕೋಟೆ ಕಟ್ಟುತ್ತ ಮುಂದುವರಿದ. ಸೇಂಟ್ ಕ್ಲೇರ್ ಸೋತ ಜಾಗದಲ್ಲೇ ಫೋರ್ಟ್ ರಿಕವರಿ ಕಟ್ಟಿದ. 1794ರ ಆಗಸ್ಟ್ 20ರಂದು ಫಾಲನ್ ಟಿಂಬರ್ಸ್‌ನಲ್ಲಿ ಅವನಿಗೆ ಗೆಲುವಾಯಿತು. ಸೋತು ಓಡಿದ ಯೋಧರು ಹತ್ತಿರದ ಬ್ರಿಟಿಷ್ ಕೋಟೆ ಫೋರ್ಟ್ ಮಯಾಮಿಸ್‌ನ ಬಾಗಿಲಿಗೆ ಬಂದರೆ, ಇಷ್ಟು ದಿನ ಮದ್ದುಗುಂಡು ಕೊಟ್ಟು ಹುರಿದುಂಬಿಸಿದ ಆ ಮಿತ್ರರು ಬಾಗಿಲು ತೆಗೆಯಲಿಲ್ಲ.

ನಂತರ ವೇಯ್ನ್ ಮೌಮಿ ನದಿಯ ದಂಡೆಯುದ್ದಕ್ಕೂ ಇದ್ದ ಮೂಲನಿವಾಸಿಗಳ ಜೋಳದ ಹೊಲಗಳನ್ನು ನಾಶ ಮಾಡುತ್ತ ಹೋದ. ಅಷ್ಟು ವಿಸ್ತಾರದ ಹೊಲಗಳನ್ನು ಅವನು ಎಲ್ಲಿಯೂ ಕಂಡಿರಲಿಲ್ಲವಂತೆ. ಮೆಕ್ಕೆಜೋಳ ಹುಟ್ಟಿನಿಂದ ಅವರ ಬೆಳೆ, ಬಿಳಿಯರು ಅದನ್ನು ಕಲಿತದ್ದೇ ಅವರಿಂದ. ಒಬ್ಬರು ಒಂದು ಬೆಳೆ ತೆಗೆದರೆ 400 ಎಕರೆ ಸಿಕ್ಕ ನಾಡಿನಲ್ಲಿ, ತಲೆಮಾರುಗಳಿಂದ ಬೆಳೆದವರ ಹೊಲ ಬೂದಿಯಾಯಿತು. ಹಸಿದ ಚಳಿಗಾಲ ಕಳೆದ ಮೇಲೆ, 1795ರಲ್ಲಿ, ಅವರು ವೇಯ್ನ್‌ನ ಫೋರ್ಟ್ ಗ್ರೀನ್‌ವಿಲ್‌ಗೆ ಬಂದು ಇಂದಿನ ಒಹಾಯೊ ರಾಜ್ಯದ ಬಹುಪಾಲನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಅವರಿಗೇ ಉಳಿಸಿದ ನೆಲದ ನಡುವೆಯೂ ಕೋಟೆಗಳಿಗೆಂದು ತುಂಡು ತುಂಡು ಜಾಗ ಕೇಳಿ ಪಡೆಯಲಾಯಿತು. ಅದರಲ್ಲಿ ಒಂದು, ಚಿಕಾಗೋ ನದಿಯ ಮುಖದ ಆರು ಮೈಲಿ ಚೌಕ. 1803ರಲ್ಲಿ ಅಲ್ಲಿ ಫೋರ್ಟ್ ಡಿಯರ್‌ಬಾರ್ನ್ ಎದ್ದಿತು.

ಕೋಟೆಗಳಿಲ್ಲದಿದ್ದರೆ ವಲಸೆ ನಿಲ್ಲುತ್ತಿತ್ತೇ ಎಂದರೆ, ಇಲ್ಲ ಎಂದೇ ನನ್ನ ಅಭಿಪ್ರಾಯ. ನೆಲದ ಹಸಿವು ಅಷ್ಟು ದೊಡ್ಡದಿತ್ತು, ಪೂರ್ವದಿಂದ ಬರುವ ಜನರ ಸಂಖ್ಯೆ ಅಷ್ಟು ಹೆಚ್ಚಿತ್ತು. ಆದರೆ 1776ರಿಂದ 1782ರವರೆಗಿನ ಆರೇಳು ವರ್ಷ ಕೆಂಟಕಿ ಖಾಲಿಯಾಗದೆ ಉಳಿದದ್ದು ಈ ಸ್ಟೇಷನ್‌ಗಳಿಂದ. ಅವು ಬಿದ್ದಿದ್ದರೆ ಬೆಟ್ಟದಾಚೆಯ ನೆಲೆ ಒಂದು ತಲೆಮಾರು ತಡವಾಗಿ, ಬೇರೆ ಗಡಿಗಳೊಂದಿಗೆ ನಡೆಯುತ್ತಿತ್ತು. ಅಷ್ಟು ಕಾಲ ಸಿಕ್ಕಿದ್ದರೆ ಶಾನಿ ಜನ ಏನು ಮಾಡಿಕೊಳ್ಳುತ್ತಿದ್ದರೋ, ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೂನ್‌ಗೂ ಆ ನೆಲ ದಕ್ಕಲಿಲ್ಲ. ದಾಖಲೆಗಳ ದೋಷ, ವ್ಯಾಜ್ಯಗಳಲ್ಲಿ ಕೆಂಟಕಿಯ ಜಮೀನುಗಳನ್ನು ಕಳೆದುಕೊಂಡು 1799ರಲ್ಲಿ ಅವನು ಮಿಸೌರಿಗೆ ಹೊರಟುಹೋದ.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ನೀವು ನೋಡಿದ ಕೋಟೆ ಇಪ್ಪತ್ತನೆಯ ಶತಮಾನದಲ್ಲಿ ಮರುನಿರ್ಮಿಸಿದ್ದು, ಎತ್ತರದ ಜಾಗದಲ್ಲಿದೆ. ಮೂಲ ಕೋಟೆ ಇದ್ದದ್ದು ಕೆಳಗೆ, ನದಿಗೆ ಹತ್ತಿರದ ತಗ್ಗಿನಲ್ಲಿ. ಅಲ್ಲಿಗೆ ಇಳಿದು ಹೋಗಿ ಕೆಂಟಕಿ ನದಿಯ ದಡದವರೆಗೆ ನಡೆಯಿರಿ. ಸುರಂಗ ಎಷ್ಟು ಹತ್ತಿರದಿಂದ ಹೊರಟಿತ್ತು, ಎದುರು ದಂಡೆಯ ಗುಡ್ಡದಿಂದ ಒಳಗಿನ ಅಂಗಳ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.